ಗುಜರಿಯಿಂದ ಏನನ್ನು ಎತ್ತಿಕೊಳ್ಳಬೇಕು, ಏನನ್ನು ಬಿಡಬೇಕು

ಬೇಗಂಪೇಟೆಯಲ್ಲಿ ಕೂತು ಹಳೆ ಕಂಪ್ಯೂಟರ್ ರಿಪೇರಿ ಮಾಡುವವನು ಸಾಮಾನಿಗಾಗಲಿ ಗಿರಾಕಿಗಾಗಲಿ ದೂರ ಹೋಗಬೇಕಾಗಿಲ್ಲ. ಒಂದು ಕಡೆ ಅಮೀರ್‌ಪೇಟೆ. ಅಲ್ಲಿನ ಕೋಚಿಂಗ್ ಸೆಂಟರುಗಳಿಗೆ ಜಾವಾ, ಟೆಸ್ಟಿಂಗ್ ಕಲಿಯಲು ಬಂದು ಹಾಸ್ಟೆಲ್ಲಿನಲ್ಲಿ ಉಳಿದ ಹುಡುಗರಿಗೆ ಕಡಿಮೆ ದುಡ್ಡಿನ ಯಂತ್ರ ಬೇಕು. ಇನ್ನೊಂದು ಕಡೆ ಮೆಟ್ರೊ ಹತ್ತಿದರೆ ಮೂರನೆಯ ಸ್ಟೇಷನ್ನೇ ಪ್ಯಾರಡೈಸ್. ಇಳಿದು ನಡೆದರೆ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್. ಪೂರ್ತಿ ಹೆಸರು ಯಾರೂ ಹೇಳುವುದಿಲ್ಲ, ಸಿಟಿಸಿ ಅಂದರೆ ಆಟೊದವರಿಗೂ ಗೊತ್ತು. ಇವೆರಡರ ನಡುವೆ, ಸರ್ದಾರ್ ಪಟೇಲ್ ರಸ್ತೆಯ ಆಜುಬಾಜಿನ ಆಫೀಸುಗಳು ಕೆಲವು ವರ್ಷಕ್ಕೊಮ್ಮೆ ತಮ್ಮ ಡೆಸ್ಕ್‌ಟಾಪುಗಳನ್ನು ಲಾಟ್ ಲೆಕ್ಕದಲ್ಲಿ ಹೊರಗೆ ಹಾಕುತ್ತವೆ. ಬೆಂಗಳೂರಿನಿಂದ ಬಂದವರು ನಗುತ್ತಾರೆ: ಅವರ ಎಸ್.ಪಿ. ರೋಡ್ ಸಾದರ ಪತ್ರಪ್ಪನವರದು, ನಮ್ಮದು ಸರ್ದಾರ್ ಪಟೇಲರದು, ಎರಡೂ ಕಡೆ ಸಿಗುವುದು ರ‍್ಯಾಮ್ ಮತ್ತು ಎಸ್‌ಎಂಪಿಎಸ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್‌ನಲ್ಲಾದರೆ ಎಂಟನೇ ಜನರೇಷನ್ ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. ಆರನೇ, ಏಳನೇ ಜನರೇಷನ್ನಿನ ಗಟ್ಟಿಮುಟ್ಟಾದ ಯಂತ್ರಗಳು ಒಂದೇ ಸಲ ಗುಜರಿ ದಾರಿ ಹಿಡಿದದ್ದು ಇದರಿಂದ. ಈ ಕೆಲಸಕ್ಕೆ ಹೊಸದಾಗಿ ಕೈಹಾಕುವ ಹುಡುಗರು ಈಗ ಹೆಚ್ಚು. ಬೀದರ್, ಕಲಬುರಗಿ ಕಡೆಯಿಂದ ಬಂದ ಕೆಲವರು ನನ್ನ ಮೇಜಿನ ಪಕ್ಕ ಕೂತು ಕಲಿಯುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಸಿಲಿಕಾನ್ ಉಳಿಯುತ್ತದೆ, ತಿರುಗುವುದು, ಉಬ್ಬುವುದು, ಒಣಗುವುದು ಹೋಗುತ್ತದೆ

ಹನ್ನೆರಡು ವರ್ಷದ ಯಂತ್ರ ಹೊತ್ತು ತಂದವರು ಕೇಳುವ ಮೊದಲ ಪ್ರಶ್ನೆ, 'ಪ್ರೊಸೆಸರ್ ಹೋಗಿದೆಯಾ?' ಹೋಗಿರುವುದಿಲ್ಲ. ಮಿಂಚು ಹೊಡೆದಿದ್ದರೆ, ಯಾರೋ ತಪ್ಪಾಗಿ ಕೂರಿಸಿ ಒತ್ತಿದ್ದರೆ ಮಾತ್ರ ಪ್ರೊಸೆಸರ್ ಸಾಯುತ್ತದೆ. ರ‍್ಯಾಮ್ ಕೂಡ ಬಹುತೇಕ ಹಾಗೆಯೇ. ಡೆಸ್ಕ್‌ಟಾಪಿನ ಮುಪ್ಪು ಇರುವುದು ಬೇರೆ ಕಡೆ: ತಿರುಗುವ ಫ್ಯಾನಿನಲ್ಲಿ, ತಿರುಗುವ ಹಾರ್ಡ್‌ಡಿಸ್ಕಿನಲ್ಲಿ, ಒಳಗೆ ದ್ರವ ತುಂಬಿದ ಕೆಪಾಸಿಟರಿನಲ್ಲಿ, ಒಣಗಿ ಪುಡಿಯಾಗುವ ಥರ್ಮಲ್ ಪೇಸ್ಟಿನಲ್ಲಿ, ಬಟನ್ ಸೆಲ್ಲಿನಲ್ಲಿ.

ಇಷ್ಟು ತಿಳಿದರೆ ಗುಜರಿ ಅಂಗಡಿಯಲ್ಲಿ ಕೈ ಎಲ್ಲಿಗೆ ಹೋಗಬೇಕೆಂದು ತಾನಾಗಿ ಗೊತ್ತಾಗುತ್ತದೆ. ಪ್ರೊಸೆಸರ್, ರ‍್ಯಾಮ್, ಹೀಟ್‌ಸಿಂಕಿನ ಲೋಹ, ಕ್ಯಾಬಿನೆಟ್, ಲ್ಯಾನ್ ಕಾರ್ಡ್, ಒಳ್ಳೆಯ ಬೋರ್ಡ್ ಹಳೆಯದಾಗಿರಲಿ. ಎಸ್‌ಎಂಪಿಎಸ್, ಡಿಸ್ಕ್, ಫ್ಯಾನ್, ಸೆಲ್, ಪೇಸ್ಟ್ ಹೊಸದಾಗಿರಲಿ.

ಬೋರ್ಡನ್ನು 'ಒಳ್ಳೆಯ' ಅಂದಿದ್ದೇಕೆಂದರೆ ಅದು ಎರಡೂ ಪಾಳಯಕ್ಕೆ ಸೇರಿದ್ದು. ಅದರ ಚಿಪ್‌ಗಳು ಬಾಳುತ್ತವೆ, ಕೆಪಾಸಿಟರುಗಳು ಬಾಳಬೇಕೆಂದಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ದೋಷದ ಕೆಪಾಸಿಟರುಗಳು ಜಗತ್ತಿನ ತುಂಬ ಬೋರ್ಡುಗಳನ್ನು ಹಾಳು ಮಾಡಿದವು. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಜಿಎಕ್ಸ್270 ಅದರ ಪ್ರಸಿದ್ಧ ಬಲಿ. ಕಂಪನಿ 2005ರಲ್ಲಿ ಅದಕ್ಕಾಗಿ 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಆಮೇಲಿನ ಬೋರ್ಡುಗಳಲ್ಲಿ ಘನ ಪಾಲಿಮರ್ ಕೆಪಾಸಿಟರ್ ಬಂದ ಮೇಲೆ ಈ ಕಾಟ ಬಹಳ ಕಡಿಮೆಯಾಗಿದೆ. ಕೊಳ್ಳುವಾಗ ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ನೋಡಿ. ಪ್ರೊಸೆಸರಿನ ಸುತ್ತಲಿನ ಕೆಪಾಸಿಟರುಗಳ ತಲೆ ಸಪಾಟಾಗಿರಬೇಕು. ಗುಮ್ಮಟದಂತೆ ಎದ್ದಿದ್ದರೆ, ಬುಡದಲ್ಲಿ ಕಂದು ಕಲೆ ಇದ್ದರೆ ಕೆಳಗಿಡಿ. ಬದಲಿಸುವುದೇ ಆದರೆ ಕೋಠಿಯ ಗುಜರಾತಿ ಗಲ್ಲಿಯಲ್ಲಿ 105 ಡಿಗ್ರಿಯ, ಲೋ ಇಎಸ್ಆರ್ ಕೆಪಾಸಿಟರ್ ಕೇಳಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಒಂದು ಮೆಟ್ಟಿಲು ಮೇಲಿರಲಿ, ಋಣದ ಪಟ್ಟಿ ಯಾವ ಕಡೆ ಇತ್ತೆಂದು ಕೀಳುವ ಮೊದಲೇ ಫೋಟೊ ತೆಗೆದುಕೊಂಡಿರಿ.

2. 'ಡಿಸ್ಪ್ಲೇ ಬರವಲ್ದು' ಅನ್ನುವುದು ರೋಗದ ಹೆಸರಲ್ಲ

'ಕಾಕಾ, ಫ್ಯಾನ್ ತಿರಗ್ತದ, ಲೈಟ್ ಹತ್ತತದ, ಡಿಸ್ಪ್ಲೇನೇ ಬರವಲ್ದು ನೋಡ್ರಿ.' ನನ್ನ ಕೆಲಸದ ದೊಡ್ಡ ಪಾಲು ಈ ಒಂದು ವಾಕ್ಯ. ಇದನ್ನು ಕೇಳಿದ ಕೂಡಲೇ ಬೋರ್ಡ್ ಸತ್ತಿದೆ ಎಂದು ತೀರ್ಮಾನಿಸುವ ಮೆಕ್ಯಾನಿಕ್ ಸೋಮಾರಿ, ಇಲ್ಲವೇ ಬೋರ್ಡ್ ಮಾರುವವನು.

ಎಲ್ಲ ಕಿತ್ತುಹಾಕಿ. ಬೋರ್ಡ್, ಪ್ರೊಸೆಸರ್ ಮತ್ತು ಅದರ ಫ್ಯಾನ್, ಒಂದೇ ಒಂದು ರ‍್ಯಾಮ್, ಎಸ್‌ಎಂಪಿಎಸ್. ಇಷ್ಟೇ ಉಳಿಯಲಿ. ಹಾರ್ಡ್‌ಡಿಸ್ಕ್, ಡಿವಿಡಿ, ಮುಂಭಾಗದ ಯುಎಸ್‌ಬಿ ಕೇಬಲ್ ಎಲ್ಲ ಹೊರಗೆ. ಮುಂಭಾಗದ ಯುಎಸ್‌ಬಿ ಕಿಂಡಿಯೊಳಗಿನ ನಾಲಿಗೆ ಮುರಿದು ತಂತಿ ಒಂದಕ್ಕೊಂದು ತಾಗಿದರೂ ಯಂತ್ರ ಏಳುವುದಿಲ್ಲ. ಆಮೇಲೆ ರ‍್ಯಾಮನ್ನು ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿ. ಬೋರ್ಡಿಗೆ ಪುಟ್ಟ ಸ್ಪೀಕರ್ ಸಿಕ್ಕಿಸಿ, ಬೀಪ್ ಕೇಳಿ. ರ‍್ಯಾಮ್ ತೆಗೆದಾಗ ಬೀಪ್ ಬಂದರೆ ಪ್ರೊಸೆಸರ್ ಬದುಕಿದೆ, ಬೋರ್ಡ್ ಯೋಚಿಸುತ್ತಿದೆ ಎಂದರ್ಥ. ಆ ಸದ್ದು ಬಂತೆಂದರೆ ಅರ್ಧ ಕೆಲಸ ಮುಗಿದ ಹಾಗೆ. ಸ್ಪೀಕರನ್ನು ಹಳೆ ಕ್ಯಾಬಿನೆಟ್ಟುಗಳಿಂದ ಬಿಚ್ಚಿ ಡಬ್ಬಿಯಲ್ಲಿಟ್ಟುಕೊಳ್ಳಿ, ಈಗಿನ ಕ್ಯಾಬಿನೆಟ್ಟುಗಳಲ್ಲಿ ಅದು ಅಪರೂಪ.

ರ‍್ಯಾಮಿನ ಚಿನ್ನದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಉಜ್ಜುವುದು ನಮ್ಮ ದೇಶದ ಸಾರ್ವತ್ರಿಕ ಮದ್ದು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಆ ಚಿನ್ನದ ಲೇಪ ಬಹಳ ತೆಳು, ಪದೇ ಪದೇ ಉಜ್ಜಿದರೆ ತಾಮ್ರ ಕಾಣುತ್ತದೆ. ರಬ್ಬರಿನ ಪುಡಿ ಸ್ಲಾಟಿನೊಳಗೆ ಕೂತು ಹೊಸ ಜಗಳ ತೆಗೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ತಂದಿಟ್ಟುಕೊಂಡು ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಲಾಟಿಗೆ ಮೆತ್ತನೆಯ ಬ್ರಷ್.

3. ಮೂರು ವೋಲ್ಟಿನ ಸೆಲ್ ಮಾಡುವ ನಾಟಕ

ಬ್ಯಾಂಕಿನ ಸೈಟ್ ತೆರೆಯುತ್ತಿಲ್ಲ, 'ಸುರಕ್ಷಿತವಲ್ಲ' ಎನ್ನುತ್ತದೆ, ವೈರಸ್ ಇರಬೇಕು ಎಂದು ಯಂತ್ರ ತರುತ್ತಾರೆ. ಮೂಲೆಯಲ್ಲಿ ತಾರೀಖು ನೋಡಿದರೆ 2011! ಬೋರ್ಡಿನ ಸಿಆರ್2032 ಸೆಲ್ ಸತ್ತರೆ ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಹಾರುತ್ತದೆ. ಸೈಟುಗಳ ಪ್ರಮಾಣಪತ್ರಕ್ಕೆ ಶುರು ಮತ್ತು ಕೊನೆಯ ತಾರೀಖು ಇರುತ್ತದೆ. 2011ರಲ್ಲಿ ಬದುಕುವ ಯಂತ್ರ ಇಂದಿನ ಪ್ರಮಾಣಪತ್ರವನ್ನು ಒಪ್ಪುವುದಿಲ್ಲ. ಸೆಲ್ ಬದಲಿಸಿ, ತಾರೀಖು ಸರಿಮಾಡಿ, ಬಯಾಸ್‌ನಲ್ಲಿ ಡಿಸ್ಕಿನ ಮೋಡ್ ಹಳೆಯದಕ್ಕೆ ತಿರುಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಇದಕ್ಕೆ ಕಿರಾಣಿ ಅಂಗಡಿಯವರ ಹತ್ತಿರ ವಿಂಡೋಸ್ ಹಾಕುವ ದುಡ್ಡು ವಸೂಲು ಮಾಡುವವರೂ ಇದ್ದಾರೆ.

4. ರ‍್ಯಾಮ್ ಕೊಳ್ಳುವಾಗ ಚಿಪ್‌ಗಳನ್ನು ಎಣಿಸಿ

ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಹಲ್ಲು. ನಡುವಿನ ಕಚ್ಚು ಬೇರೆ ಜಾಗದಲ್ಲಿದೆ, ವೋಲ್ಟೇಜ್ ಬೇರೆ (1.8 ಮತ್ತು 1.5). ಡಿಡಿಆರ್4ಕ್ಕೆ 288 ಹಲ್ಲು, 1.2 ವೋಲ್ಟ್. ಒತ್ತಿ ಕೂರಿಸುವ ಪ್ರಶ್ನೆಯೇ ಇಲ್ಲ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಮೋಸ ಹೋಗುವುದು ಮುಂದಿನ ಮೂರು ಕಡೆ.

ಒಂದು, ಸರ್ವರ್ ರ‍್ಯಾಮ್. ಕಚ್ಚು ಸರಿಯಾಗಿ ಕೂರುತ್ತದೆ, ಬೆಲೆ ಕಡಿಮೆ, ಜಿಬಿ ಹೆಚ್ಚು. ರಿಜಿಸ್ಟರ್ಡ್ ರ‍್ಯಾಮ್ ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಏಳುವುದೇ ಇಲ್ಲ. ಸಾಲು ಚಿಪ್‌ಗಳ ನಡುವೆ ಬೇರೆ ಆಕಾರದ ಒಂದು ಚಿಪ್ ಕಂಡರೆ, ಲೇಬಲ್ಲಿನಲ್ಲಿ ವೇಗದ ಅಂಕಿಯ ಕೊನೆಗೆ ಆರ್ ಅಕ್ಷರ ಇದ್ದರೆ ವಾಪಸ್ ಕೊಡಿ.

ಎರಡು, 'ಎಎಂಡಿಗೆ ಮಾತ್ರ' ಎಂಬ ಅಗ್ಗದ ರ‍್ಯಾಮ್. ಇಂಟೆಲ್ ಬೋರ್ಡುಗಳು ಅದರ ಚಿಪ್ ಜೋಡಣೆಯನ್ನು ಓದಲಾರವು. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳುತ್ತಾರೆ.

ಮೂರನೆಯದು ಸೂಕ್ಷ್ಮ. ಕೋರ್ 2 ಡುವೊ ಕಾಲದ ಜಿ41 ಬೋರ್ಡುಗಳು ಇಂದಿಗೂ ನಮ್ಮ ಬಿಲ್ಲಿಂಗ್ ಕೌಂಟರುಗಳಲ್ಲಿ ಓಡುತ್ತಿವೆ. ಡಿಡಿಆರ್3 ಮಾದರಿಯ ಜಿ41 ಬೋರ್ಡಿಗೆ ಹೆಚ್ಚೆಂದರೆ 8 ಜಿಬಿ. ಅದರಲ್ಲೂ 4 ಜಿಬಿಯ ಕಡ್ಡಿಯಲ್ಲಿ ಎರಡೂ ಬದಿ ಸೇರಿ 16 ಚಿಪ್ ಇರಬೇಕು. ಒಂದೇ ಬದಿಯಲ್ಲಿ 8 ಚಿಪ್ ಇರುವ 4 ಜಿಬಿ ಕಡ್ಡಿ ಅದಕ್ಕೆ ಒಗ್ಗುವುದಿಲ್ಲ. ಅದೇ ಕಡ್ಡಿ ಮುಂದಿನ ತಲೆಮಾರಿನ ಎಚ್61 ಬೋರ್ಡಿನಲ್ಲಿ ಸುಸೂತ್ರವಾಗಿ ಓಡುತ್ತದೆ. ರ‍್ಯಾಮ್ ಕೆಟ್ಟಿದೆ ಎಂದು ಎಸೆದ ಎಷ್ಟೋ ಕಡ್ಡಿಗಳು ಹೀಗೆ ಬೋರ್ಡ್ ಬದಲಾದ ಕೂಡಲೇ ಬದುಕಿವೆ.

2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಹಸಿವಿನಿಂದ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ಏರಿತು. ಅದರ ಬಿಸಿ ಪಾರ್ಕ್‌ಲೇನಿಗೂ ತಟ್ಟಿತು. ಸತ್ತ ಡಿಡಿಆರ್4 ಯಂತ್ರ ಸಿಕ್ಕರೆ ಈಗ ಮೊದಲು ಬಿಚ್ಚಬೇಕಾದ್ದು ರ‍್ಯಾಮ್.

5. ಎಸ್‌ಎಂಪಿಎಸ್ ಮಾತ್ರ ಗುಜರಿಯದು ಬೇಡ

ಉಳಿದ ಭಾಗ ಕೆಟ್ಟರೆ ಅದೊಂದೇ ಕೆಡುತ್ತದೆ. ಎಸ್‌ಎಂಪಿಎಸ್ ಕೆಟ್ಟರೆ ತನ್ನ ಜೊತೆ ಬೋರ್ಡನ್ನೂ ಡಿಸ್ಕನ್ನೂ ಕರೆದುಕೊಂಡು ಹೋಗಬಹುದು.

ಮೇಲೆ 450 ವಾಟ್ ಎಂದು ಬರೆದಿರುವುದನ್ನು ನೋಡಬೇಡಿ. ಚೀಟಿಯಲ್ಲಿ 12 ವೋಲ್ಟಿನ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಇದೆ ನೋಡಿ, ಅದನ್ನು 12ರಿಂದ ಗುಣಿಸಿ. ಇಂದಿನ ಯಂತ್ರ ಉಣ್ಣುವುದು ಬಹುಪಾಲು ಆ ಸಾಲಿನಿಂದಲೇ. 14 ಆಂಪಿಯರ್ ಎಂದಿದ್ದರೆ ಅದು 168 ವಾಟ್. ಉಳಿದ ಅಂಕಿ ಪೇಂಟಿನ ಖರ್ಚು. ತೂಕವೂ ಒಂದು ಸಾಕ್ಷಿ, ಕೈಯಲ್ಲಿ ಹಗುರಾಗಿ ಕೂತರೆ ಒಳಗೆ ಫಿಲ್ಟರ್ ಸುರುಳಿಗಳು ಇರಲಿಕ್ಕಿಲ್ಲ. ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿದಾಗ ಫ್ಯಾನ್ ತಿರುಗಿತೆಂದು ಪಾಸ್ ಮಾಡುವ ಪದ್ಧತಿಯಿದೆ. ಅದು ಫ್ಯಾನ್ ತಿರುಗುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ. ಯಂತ್ರಕ್ಕೆ ಹಾಕಿ, ಪ್ರೊಸೆಸರಿಗೆ ಕೆಲಸ ಕೊಟ್ಟು, ಮೀಟರ್ ಹಿಡಿಯಿರಿ: 12 ವೋಲ್ಟಿನ ಸಾಲು 11.4ರಿಂದ 12.6ರ ಒಳಗಿರಬೇಕು.

ಆಫೀಸುಗಳಿಂದ ಬರುವ ಬ್ರ್ಯಾಂಡೆಡ್ ಯಂತ್ರಗಳಲ್ಲಿ ಇನ್ನೊಂದು ತೊಡಕು. ಆಪ್ಟಿಪ್ಲೆಕ್ಸ್ 3020, 7020, 9020ರಲ್ಲಿ ಬೋರ್ಡಿಗೆ ಹೋಗುವುದು 8 ಕಾಲಿನ ಪ್ಲಗ್ಗು. ಲೆನೊವೊ ಥಿಂಕ್‌ಸೆಂಟರ್‌ನ ಹಲವು ಮಾದರಿಗಳಲ್ಲಿ 14 ಕಾಲಿನದು. ಪೇಟೆಯ 24 ಕಾಲಿನ ಎಸ್‌ಎಂಪಿಎಸ್ ಹಾಕಬೇಕೆಂದರೆ ಕನ್ವರ್ಟರ್ ಕೇಬಲ್ ಬೇಕು, ಅದೂ ಅದೇ ಮಾದರಿಗೆ ಮಾಡಿದ್ದು. 1990ರ ದಶಕದ ಕೊನೆಯ ಕೆಲವು ಡೆಲ್ ಯಂತ್ರಗಳಲ್ಲಂತೂ ಪ್ಲಗ್ಗಿನ ಆಕಾರ ಮಾಮೂಲಿ ಎಟಿಎಕ್ಸ್‌ನದೇ, ತಂತಿಗಳ ಕ್ರಮ ಮಾತ್ರ ಬೇರೆ. ಸಿಕ್ಕಿಸಿದರೆ ಸುಡುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂಬ ದೂರಿಗೂ ಬೇರು ಇಲ್ಲೇ. ಎಸ್‌ಎಂಪಿಎಸ್‌ನ ಫಿಲ್ಟರಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಮೈಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಮನೆಯ ಪ್ಲಗ್ಗಿನಲ್ಲಿ ಅರ್ತ್ ಇಲ್ಲದಿದ್ದರೆ ಲೋಹದ ಮೈ ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ಬಹಳ ಕಡಿಮೆ, ಸಾಯಿಸುವಷ್ಟಿಲ್ಲ. ಆದರೆ ಪ್ರಿಂಟರ್ ಕೇಬಲ್, ಮಾನಿಟರ್ ಕೇಬಲ್ ಸಿಕ್ಕಿಸುವ ಕ್ಷಣದಲ್ಲಿ ಪೋರ್ಟ್ ಸುಡಲು ಸಾಕು. ಯಂತ್ರ ಬದಲಿಸಿ ಪ್ರಯೋಜನವಿಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆಯಲು ಹೇಳಿ.

6. ಮೊದಲ ಸಾವಿರ ರೂಪಾಯಿ ಎಸ್‌ಎಸ್‌ಡಿಗೆ

'ಸ್ಲೋ ಆಗಿದೆ' ಎಂದು ಬರುವ ಯಂತ್ರದ ರೋಗ ಸಾಮಾನ್ಯವಾಗಿ ತಿರುಗುವ ಡಿಸ್ಕ್. 7200 ಸುತ್ತಿನ ಡಿಸ್ಕಿನ ಸೂಜಿ ಚದುರಿದ ಫೈಲುಗಳನ್ನು ಸೆಕೆಂಡಿಗೆ ನೂರು ಸಲದ ಆಸುಪಾಸು ಹುಡುಕಬಲ್ಲದು, ಅಷ್ಟೇ. ಅಗ್ಗದ ಎಸ್‌ಎಸ್‌ಡಿಯೂ ಅದನ್ನು ಸಾವಿರಗಟ್ಟಲೆ ಸಲ ಮಾಡುತ್ತದೆ. 'ನನ್ನ ಬೋರ್ಡಿನಲ್ಲಿ ಸಾಟಾ 2 ಮಾತ್ರ ಇದೆ, ದಂಡವಲ್ಲವೇ?' ಎಂದು ಓದಿಕೊಂಡು ಬಂದವರು ಕೇಳುತ್ತಾರೆ. ದಂಡವಲ್ಲ. ಗರಿಷ್ಠ ವೇಗ ಅರ್ಧಕ್ಕೆ ಇಳಿದರೂ ಹುಡುಕುವ ಚುರುಕು ಹಾಗೇ ಇರುತ್ತದೆ, ದಿನದ ಕೆಲಸದಲ್ಲಿ ಗೊತ್ತಾಗುವುದು ಅದೇ. ವಿಂಡೋಸ್ ಹಾಕುವ ಮೊದಲು ಬಯಾಸ್‌ನಲ್ಲಿ ಐಡಿಇ ಬದಲು ಎಎಚ್‌ಸಿಐ ಇಟ್ಟುಕೊಳ್ಳಿ. ಎಂ.2 ಎನ್‌ವಿಎಂಇ ಅಗ್ಗವಾಗಿ ಸಿಕ್ಕಿತೆಂದು ಹಳೆ ಬೋರ್ಡಿಗೆ ಅಡಾಪ್ಟರ್ ಹಾಕಿ ತರಬೇಡಿ. ಕೋರ್ 2 ಕಾಲದ ಬಯಾಸ್‌ಗೆ ಅದರಿಂದ ಬೂಟ್ ಆಗಲು ಬರುವುದಿಲ್ಲ.

ಹಳೆ ಹಾರ್ಡ್‌ಡಿಸ್ಕನ್ನು ಎರಡನೆಯದಾಗಿ ಉಳಿಸಿಕೊಳ್ಳುವುದಾದರೆ ಸ್ಮಾರ್ಟ್ ವರದಿ ತೆಗೆಯಿರಿ. ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎರಡೂ ಸೊನ್ನೆ ಇರಬೇಕು. ಪೆಂಡಿಂಗ್ ಏರುತ್ತಿದ್ದರೆ ಆ ಡಿಸ್ಕಿನಲ್ಲಿ ಮಗಳ ಮದುವೆ ಫೋಟೊ ಇಡಲು ಯಾರಿಗೂ ಹೇಳಬೇಡಿ.

7. ಪ್ರೊಸೆಸರ್ ಏರಿಸುವ ಮೊದಲು ಬಯಾಸ್, ಆಮೇಲೆ ಟಾರ್ಚ್

ಈ ಕೆಲಸದಲ್ಲಿ ಅತಿ ಹೆಚ್ಚು ಲಾಭ ಇರುವುದು ಇಲ್ಲಿ. 2011ರ ಎಚ್61 ಬೋರ್ಡಿನಲ್ಲಿ ಪೆಂಟಿಯಂ ಕೂತಿದ್ದರೆ ಅದನ್ನು ತೆಗೆದು ಗುಜರಿಯ ಕೋರ್ ಐ5-2400 ಅಥವಾ ಐ5-3470 ಹಾಕಿದರೆ ಯಂತ್ರಕ್ಕೆ ಇನ್ನೊಂದು ಆಯುಷ್ಯ. ಆದರೆ 3470 ಮೂರನೇ ಜನರೇಷನ್ನಿನದು, 2012ರಲ್ಲಿ ಬಂದದ್ದು. ಅದಕ್ಕಿಂತ ಮೊದಲಿನ ಬಯಾಸ್ ಇರುವ ಬೋರ್ಡ್ ಅದನ್ನು ಗುರುತಿಸುವುದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಹಳೆ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಯುಪಿಎಸ್‌ನ ಮೇಲೆ. ಅರ್ಧದಲ್ಲಿ ಕರೆಂಟ್ ಹೋದರೆ ಚಿಪ್ ಕಿತ್ತು ಪ್ರೋಗ್ರಾಮರಿನಲ್ಲಿ ಬರೆಯಬೇಕಾದೀತು.

ಸಾಕೆಟ್ಟಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಆರನೇ, ಏಳನೇ ಜನರೇಷನ್ನಿನ ಸಾಕೆಟ್ 1151. ಎಂಟನೆಯದರದ್ದೂ 1151. ಕೂರುತ್ತದೆ, ಓಡುವುದಿಲ್ಲ. ವಿಂಡೋಸ್ 11 ಆಸೆಗೆ ಎಚ್110 ಬೋರ್ಡಿಗೆ ಎಂಟನೇ ಜನರೇಷನ್ ಐ3 ಕೊಂಡು ತಂದವರು ಪದೇ ಪದೇ ಬರುತ್ತಾರೆ. ಅವರಿಗೆ ಬೋರ್ಡನ್ನೂ ಬದಲಿಸಿ ಎನ್ನುವುದು ಬಿಟ್ಟು ಬೇರೆ ಉತ್ತರ ನನ್ನಲ್ಲಿಲ್ಲ.

2004ರ ಎಲ್‌ಜಿಎ775ರಿಂದ ಇಂಟೆಲ್ ತನ್ನ ಡೆಸ್ಕ್‌ಟಾಪ್ ಪ್ರೊಸೆಸರಿನ ಕಾಲುಗಳನ್ನು ಬೋರ್ಡಿಗೆ ವರ್ಗಾಯಿಸಿತು. ಹಾಗಾಗಿ ಹಳೆ ಇಂಟೆಲ್ ಬೋರ್ಡ್ ಕೊಳ್ಳುವಾಗ ಸಾಕೆಟ್ಟಿನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಸಾಲಿನಲ್ಲಿ ಒಂದು ಕಾಲು ಬಾಗಿದ್ದರೂ ಬೆಳಕಿನ ಮಿನುಗು ಅಲ್ಲಿ ಮುರಿಯುತ್ತದೆ. ಎಎಂಡಿಯವರು ಎಎಂ4ರ ತನಕ ಕಾಲುಗಳನ್ನು ಪ್ರೊಸೆಸರಿನಲ್ಲೇ ಉಳಿಸಿಕೊಂಡರು, ಅಲ್ಲಿ ಅಪಾಯ ಬೇರೆ ಥರದ್ದು. ಪೇಸ್ಟ್ ಒಣಗಿ ಅಂಟಾಗಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಕೊಂಡು ಅದರ ಜೊತೆ ಬರುತ್ತದೆ, ಕಾಲು ಬಾಗುತ್ತದೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನ ತಿರುವಿ. ಅಂಟು ಬಿಟ್ಟ ಮೇಲೆ ಎತ್ತಿ. ಬಾಗಿದ ಕಾಲಿಗೆ ಲೀಡ್ ಪೆನ್ಸಿಲ್ಲಿನ ಖಾಲಿ ಮೂತಿ ಒಳ್ಳೆಯ ಆಯುಧ.

ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಒಂದೇ ಮಾತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತ ಮೇಲೆ ಹಳೆ ಕಾರ್ಡುಗಳ ಪ್ರವಾಹವೇ ಬಂತು. ಹಗಲಿರುಳು ಓಡಿದ ಕಾರ್ಡ್ ಎಂದ ಮಾತ್ರಕ್ಕೆ ಬೇಡ ಅನ್ನಬೇಕಿಲ್ಲ, ಮೊದಲ ಪಾಠವನ್ನೇ ಹಚ್ಚಿ: ಚಿಪ್ ಇದ್ದೀತು, ಫ್ಯಾನ್ ಸವೆದಿರುತ್ತದೆ, ಪೇಸ್ಟ್ ಒಣಗಿರುತ್ತದೆ.

8. ಟೆಸ್ಟಿಂಗ್ ವಾರಂಟಿಯ ಅರ್ಥ

'ಟೆಸ್ಟ್ ಕರ್‌ಕೇ ಲೇಲೋ ಭಾಯ್, ಬಾದ್ ಮೇ ನಕ್ಕೋ ಬೋಲೋ.' ಅಂಗಡಿಯ ಮೇಜಿನ ಮೇಲೆ ಓಡಿದ್ದನ್ನು ತೋರಿಸಿದರೆ ಅವರ ಹೊಣೆ ಮುಗಿಯಿತು. ಇದರಲ್ಲಿ ಮೋಸವಿಲ್ಲ, ಬೆಲೆ ಅಷ್ಟಿರುವುದೇ ಆ ಕರಾರಿನ ಮೇಲೆ. ಆದ್ದರಿಂದ ಆ ಮೇಜನ್ನು ಪೂರ್ತಿ ಬಳಸಿಕೊಳ್ಳಿ. ಪೆನ್‌ಡ್ರೈವಿನಲ್ಲಿ ಮೆಮ್‌ಟೆಸ್ಟ್ ಮತ್ತು ಒಂದು ಲೈವ್ ಲಿನಕ್ಸ್ ಸದಾ ಜೇಬಿನಲ್ಲಿರಲಿ. ಬೋರ್ಡಾದರೆ ಎರಡೂ ರ‍್ಯಾಮ್ ಸ್ಲಾಟ್, ಎಲ್ಲ ಸಾಟಾ ಪೋರ್ಟ್, ಲ್ಯಾನ್, ಸೌಂಡ್, ಹಿಂದಿನ ಯುಎಸ್‌ಬಿಗಳನ್ನು ಒಂದೊಂದಾಗಿ ನೋಡಿ. ಬಯಾಸ್‌ಗೆ ಪಾಸ್‌ವರ್ಡ್ ಇದೆಯೇ ಎಂದು ಅಲ್ಲೇ ತಿಳಿದುಕೊಳ್ಳಿ. ಆಫೀಸಿನ ಲಾಟ್‌ಗಳಲ್ಲಿ ಇದು ಮಾಮೂಲು.

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅಥವಾ ಶನಿವಾರ ಸಂಜೆ ಹೋಗಬೇಡಿ. ಬೆಳಗಿನ ಬೋಣಿಗೆಯಲ್ಲಿ ಚೌಕಾಸಿ ಮಾಡಿದರೆ ಮುಖ ಸಿಂಡರಿಸುತ್ತಾರೆ, ಸಂಜೆ ಮೇಜೇ ಖಾಲಿ ಇರುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಂದು ಇರಾನಿ ಚಹಾ ಕುಡಿದು ಹೋದರೆ ಟೆಸ್ಟಿಂಗಿಗೆ ಅವಸರ ಮಾಡುವವರು ಇಲ್ಲ. ದಖ್ಖನಿ ನಾಲ್ಕು ಮಾತು ಬಂದರೆ ಬೆಲೆ ಇಳಿಯುತ್ತದೋ ಇಲ್ಲವೋ, ಒಳಗಿನ ಗೋದಾಮು ತೋರಿಸುತ್ತಾರೆ. ಬೀದರ್ ಕಡೆಯ ನಮ್ಮವರಿಗೆ ಆ ಭಾಷೆಯನ್ನು ಯಾರೂ ಕಲಿಸಬೇಕಾಗಿಲ್ಲ.

9. ಬಂದ ಡಿಸ್ಕಿನಲ್ಲಿ ಯಾರದೋ ಮನೆ ಇರುತ್ತದೆ

ಲಾಟ್‌ನಲ್ಲಿ ಬರುವ ಡಿಸ್ಕುಗಳಲ್ಲಿ ಪ್ಯಾನ್ ಕಾರ್ಡಿನ ಸ್ಕ್ಯಾನ್, ಸಂಬಳದ ಪಟ್ಟಿ, ಎಕ್ಸ್‌ರೇ ವರದಿ, ಸತ್ಯನಾರಾಯಣ ಪೂಜೆಯ ಫೋಟೊ ಎಲ್ಲ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅಳಿಸುವುದು ಪಟ್ಟಿ ಮಾತ್ರ. ಉಚಿತ ರಿಕವರಿ ತಂತ್ರಾಂಶ ಅರ್ಧ ಗಂಟೆಯಲ್ಲಿ ಬಹುಪಾಲನ್ನು ಎತ್ತಿ ಕೊಡುತ್ತದೆ. ತೆರೆದು ನೋಡದೆ, ಕೈಗೆ ಬಂದ ದಿನವೇ ಪೂರ್ತಿ ಡಿಸ್ಕಿನ ಮೇಲೆ ಒಂದು ಸುತ್ತು ಸೊನ್ನೆ ಬರೆಯಿರಿ. ತಿರುಗುವ ಡಿಸ್ಕಿಗೆ ಒಂದು ಸುತ್ತು ಸಾಕು. ಎಸ್‌ಎಸ್‌ಡಿಗೆ ಹೀಗೆ ಬರೆಯುವುದಕ್ಕಿಂತ ಅದರದೇ ಸೆಕ್ಯೂರ್ ಇರೇಸ್ ಆಜ್ಞೆ ಕೊಡುವುದು ಸರಿ. ಗಿರಾಕಿ ತಮ್ಮ ಹಳೆ ಡಿಸ್ಕ್ ನಿಮ್ಮಲ್ಲೇ ಇರಲಿ ಎಂದರೆ ಇಟ್ಟುಕೊಳ್ಳಬೇಡಿ, ಕೈಗೆ ಕೊಟ್ಟು ಕಳಿಸಿ.

10. ಎಕ್ಸ್‌ಪಿಯನ್ನು ನೋಡಿ ನಗಬೇಡಿ

ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗ ಶಾಲೆಯಿದೆ. ಈ ಊರಿನಲ್ಲಿ ಕನ್ನಡದ ಆಮಂತ್ರಣ, ಕರಪತ್ರ, ಸ್ಮರಣ ಸಂಚಿಕೆ ಇನ್ನೂ ಅಚ್ಚಾಗುತ್ತವೆ. ಅವನ್ನು ಕೂಡಿಸುವ ಡಿಟಿಪಿಯವರ ಯಂತ್ರ ನನ್ನ ಮೇಜಿಗೆ ಬಂದರೆ ಮೊದಲು ಕೇಳುವುದು, ಯಾವ ತಂತ್ರಾಂಶ? ಉತ್ತರ ಸಾಮಾನ್ಯವಾಗಿ ಪೇಜ್‌ಮೇಕರ್ 7 ಮತ್ತು ನುಡಿ. ಪೇಜ್‌ಮೇಕರಿನ ಆ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳಲ್ಲಿ ಕೂಡಿಸಿದ ವರ್ಷಗಟ್ಟಲೆಯ ಫೈಲುಗಳು ಅವರ ಬಂಡವಾಳ. ಅವರಿಗೆ 'ವಿಂಡೋಸ್ 11 ಹಾಕಿಕೊಡುತ್ತೇನೆ' ಎನ್ನುವುದು ಉಪಕಾರವಲ್ಲ. ಎಕ್ಸ್‌ಪಿಗೆ ಡ್ರೈವರ್ ಸಿಗುವ ಜಿ31 ಅಥವಾ ಜಿ41 ಬೋರ್ಡಿನ ಯಂತ್ರವನ್ನೇ ಗಟ್ಟಿ ಮಾಡಿ, ಇಂಟರ್ನೆಟ್ ತಂತಿ ಕಿತ್ತು, ಅದೇ ಮಾದರಿಯ ಇನ್ನೊಂದು ಬೋರ್ಡನ್ನು ಗುಜರಿಯಿಂದ ತಂದು ಪೇಪರಿನಲ್ಲಿ ಸುತ್ತಿ ಅವರ ಕಪಾಟಿನಲ್ಲೇ ಇಡಿಸುತ್ತೇನೆ. ಕೆಲವು ಹಳೆ ತಂತ್ರಾಂಶಗಳ ಬೀಗ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವಂಥದ್ದು. ಹಿಂದೆ ಆ ಗುಲಾಬಿ ಬಣ್ಣದ ಉದ್ದ ಪೋರ್ಟ್ ಇರುವ ಬೋರ್ಡ್ ಸಿಕ್ಕರೆ, ಇವತ್ತು ಗಿರಾಕಿ ಇಲ್ಲದಿದ್ದರೂ ತಂದಿಟ್ಟುಕೊಳ್ಳಿ.

ಅಂತರ್ಜಾಲಕ್ಕೆ ಬೇಕಾದ ಯಂತ್ರದ ಲೆಕ್ಕ ಬೇರೆ. ವಿಂಡೋಸ್ 10ಕ್ಕೆ ಮನೆಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ ತನಕ ಭದ್ರತಾ ತಿದ್ದುಪಡಿ ಸಿಗುವ ಏರ್ಪಾಡಿದೆ. ವಿಂಡೋಸ್ 11ರ 24ಎಚ್2 ಆವೃತ್ತಿ ಅಡ್ಡದಾರಿಯಿಂದ ಹಾಕಿದರೂ ಕೋರ್ 2 ಯಂತ್ರಗಳಲ್ಲಿ ಏಳುವುದಿಲ್ಲ, ಅದು ಕೇಳುವ ಕೆಲವು ಆಜ್ಞೆಗಳೇ ಆ ಪ್ರೊಸೆಸರಿನಲ್ಲಿಲ್ಲ. 4 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಓಡುತ್ತದೆ. ಕನ್ನಡಕ್ಕೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ನುಡಿಯಲ್ಲಿ ಪಳಗಿದ ಬೆರಳು ತಡವರಿಸುವುದಿಲ್ಲ. ಗುಬ್ಬಿ, ನವಿಲು ಫಾಂಟುಗಳು ಮಿಂಟ್‌ನ ಭಂಡಾರದಲ್ಲೇ ಸಿಗುತ್ತವೆ.

11. ಮಳೆನೀರು ಕುಡಿದ ಯಂತ್ರ

ಕೂಕಟ್‌ಪಲ್ಲಿ ನಾಲೆ ಬೇಗಂಪೇಟೆಯ ಬದಿಯಿಂದಲೇ ಹುಸೇನ್ ಸಾಗರಕ್ಕೆ ಹೋಗುತ್ತದೆ. 2000ದ ಆಗಸ್ಟ್, 2020ರ ಅಕ್ಟೋಬರ್ ಮಳೆಗಳನ್ನು ಇಲ್ಲಿಯವರು ಮರೆತಿಲ್ಲ. ಮೇಜಿನ ಕೆಳಗಿಟ್ಟ ಕ್ಯಾಬಿನೆಟ್ ಮೊದಲು ಮುಳುಗುತ್ತದೆ. ನೀರಿಗಿಂತ ಹೆಚ್ಚು ಹಾಳು ಮಾಡುವುದು 'ಓಡುತ್ತಾ ನೋಡೋಣ' ಎಂದು ಒತ್ತಿದ ಸ್ವಿಚ್ಚು.

ಮೊದಲು ಬಟನ್ ಸೆಲ್ ತೆಗೆಯಿರಿ. ಪ್ಲಗ್ ಕಿತ್ತಿದ್ದರೂ ಅದೊಂದು ಕರೆಂಟ್ ಕೊಡುತ್ತಲೇ ಇರುತ್ತದೆ, ಒದ್ದೆಯಲ್ಲಿ ತಾಮ್ರ ಹಸಿರಾಗುವುದು ಅದರಿಂದ. ಬೋರ್ಡನ್ನು ಬಿಚ್ಚಿ ಶುದ್ಧ ನೀರಿನಲ್ಲಿ ತೊಳೆಯಿರಿ. ಕೆಸರು ಉಳಿದರೆ ಅದು ಒಣಗಿದ ಮೇಲೂ ತೇವ ಹೀರುತ್ತಿರುತ್ತದೆ. ಕೊನೆಯ ತೊಳೆತ ಡಿಸ್ಟಿಲ್ಡ್ ವಾಟರಿನದು, ಬಳಿಕ ಐಸೊಪ್ರೊಪೈಲ್. ಸ್ಲಾಟುಗಳ ಒಳಗೆ ಬ್ಲೋವರ್ ಹೊಡೆದು ಕೆಲವು ದಿನ ನೆರಳಿನ ಗಾಳಿಯಲ್ಲಿಡಿ. ಎಸ್‌ಎಂಪಿಎಸ್ ಎಸೆಯಿರಿ. ಹಾರ್ಡ್‌ಡಿಸ್ಕಿನಲ್ಲಿ ಬೇಕಾದ ಫೈಲ್ ಇದ್ದರೆ ನೀವು ಮುಟ್ಟದೆ ಡೇಟಾ ರಿಕವರಿಯವರಿಗೆ ಕಳಿಸಿ.

12. ಬೇಡ ಅನ್ನಬೇಕಾದ ಯಂತ್ರಗಳು

ಪೆಂಟಿಯಂ 4 ತರುವವರಿಗೆ ನಾನು ಲೆಕ್ಕ ಬರೆದು ತೋರಿಸುತ್ತೇನೆ. ಸುಮ್ಮನೆ ಕೂತರೂ ಅಂಥ ಯಂತ್ರ ಸುಮಾರು 100 ವಾಟ್ ಉಣ್ಣುತ್ತದೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಓಡಿಸಿದರೆ 20 ಯೂನಿಟ್. ಆಫೀಸಿನಿಂದ ಬಂದ ಪುಟ್ಟ ಡೆಸ್ಕ್‌ಟಾಪ್ ಇದರ ಕಾಲು ಭಾಗದಲ್ಲಿ ಹತ್ತು ಪಟ್ಟು ಕೆಲಸ ಮಾಡುತ್ತದೆ. ಹಳೆ ಸಾಮಾನು ಉಳಿಸುವ ಹಟ ನನಗೂ ಉಂಟು, ಆದರೆ ಕರೆಂಟ್ ಬಿಲ್ ಗಿರಾಕಿಯದು.

ಗಾಜಿನ ಪಿಕ್ಚರ್ ಟ್ಯೂಬಿನ ಮಾನಿಟರನ್ನು ಬಿಚ್ಚಲೇಬೇಡಿ. ಪ್ಲಗ್ ತೆಗೆದು ಎಷ್ಟೋ ಹೊತ್ತಾದ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು, ಗಾಜಿನಲ್ಲಿ ಸೀಸವಿದೆ. ಸತ್ತ ಬೋರ್ಡುಗಳನ್ನು ತೂಕಕ್ಕೆ ಕೇಳಿಕೊಂಡು ಬರುವವರು ಚಿನ್ನಕ್ಕಾಗಿ ಆಸಿಡ್‌ನಲ್ಲಿ ಅದ್ದುತ್ತಾರೆ, ತಾಮ್ರಕ್ಕಾಗಿ ವೈರ್ ಸುಡುತ್ತಾರೆ. ಆ ಹೊಗೆ ಕುಡಿಯುವುದು ಅವರ ಮಕ್ಕಳು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಸಾಮಾನು ನೋಂದಾಯಿತ ರೀಸೈಕ್ಲರುಗಳ ಕೈಗೇ ಹೋಗಬೇಕು. ಅವರು ಸ್ವಲ್ಪ ಕಡಿಮೆ ಕೊಡುತ್ತಾರೆ. ಮೂಟೆ ಕಟ್ಟಿ ಒಟ್ಟಿಗೆ ಕೊಡಿ, ವ್ಯಾನ್ ಅವರೇ ಕಳಿಸುತ್ತಾರೆ.

ಕೊಡುವ ಮೊದಲು ಪ್ರತಿ ಪೆಟ್ಟಿಗೆಯಿಂದ ಸ್ಕ್ರೂ, ಬೋರ್ಡಿನ ಕೆಳಗಿನ ಹಿತ್ತಾಳೆ ಕಾಲು, ಸಾಟಾ ಕೇಬಲ್, ಹಿಂಭಾಗದ ತಗಡಿನ ಐ/ಒ ಪಟ್ಟಿ ತೆಗೆದಿಡಿ. ಐ/ಒ ಪಟ್ಟಿ ಬೋರ್ಡಿಗೆ ಒಂದರಂತೆ ಬೇರೆ ಬೇರೆ, ಬಿಡಿಯಾಗಿ ಎಲ್ಲೂ ಸಿಗುವುದಿಲ್ಲ. ಅದರ ಹಿಂದೆ ಮಾರ್ಕರಿನಲ್ಲಿ ಬೋರ್ಡಿನ ಮಾದರಿ ಬರೆಯಿರಿ. ಸ್ಕ್ರೂಗಳಿಗೆ ಎರಡು ಡಬ್ಬಿ: ಹಾರ್ಡ್‌ಡಿಸ್ಕಿಗೆ ಹೋಗುವ ದಪ್ಪ ಎಳೆಯವು ಒಂದರಲ್ಲಿ, ಎಸ್‌ಎಸ್‌ಡಿ ಮತ್ತು ಡಿವಿಡಿಗೆ ಹೋಗುವ ಸಣ್ಣ ಎಳೆಯ ಎಂ3 ಇನ್ನೊಂದರಲ್ಲಿ.